‘ಗ್ಯಾಸ್ ಖಾಲಿ’ ಎಂಬ ಒಂದು ಸಾಲಿನ ಲೆಕ್ಕ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಫ್ರಾಸ್ಟ್‌ಫ್ರೀ ಫ್ರಿಜ್ಜಿನಲ್ಲಿಟ್ಟ ಹಾಲು ಮರುದಿನವೇ ಒಡೆಯತೊಡಗಿತು. ಮೇಲಿನ ಫ್ರೀಜರಿನಲ್ಲಿ ಮಾತ್ರ ಮಂಜುಗಡ್ಡೆ ಎಂದಿನಂತೆ ಕಟ್ಟುತ್ತಿತ್ತು. ಬಂದ ಮೆಕ್ಯಾನಿಕ್ ಹಿಂಬದಿಯನ್ನು ಒಮ್ಮೆ ಮುಟ್ಟಿ ನೋಡಿ, ‘ಗ್ಯಾಸ್ ಖಾಲಿ ಸಾರ್, ತುಂಬಬೇಕು’ ಎಂದರು. ತುಂಬಿಸಿದ್ದಾಯಿತು, ಹಣ ಕೊಟ್ಟದ್ದಾಯಿತು. ರಸೀದಿ ಮಾತ್ರ ಬರಲಿಲ್ಲ. ಹತ್ತು ದಿನಗಳ ತರುವಾಯ ಹಾಲು ಮತ್ತೆ ಒಡೆಯಿತು. ಊರಿನವರ ಲೆಕ್ಕಗಳಲ್ಲಿ ಪ್ರತಿಯೊಂದು ವೆಚ್ಚಕ್ಕೂ ವೋಚರ್ ಕೇಳುವ ನಾನು ನನ್ನ ಮನೆಯ ವೆಚ್ಚಕ್ಕೆ ಅದನ್ನು ಕೇಳಿರಲಿಲ್ಲ!

ಎರಡನೆಯದಾಗಿ ಬಂದವರು ಫ್ರೀಜರಿನ ಒಳಹಲಗೆಯನ್ನು ಬಿಚ್ಚಿ ತೋರಿಸಿದರು. ಹಿಮ ಕರಗಿಸುವ ಹೀಟರ್ ಸುಟ್ಟು, ಕಾಯಿಲ್ ಸುತ್ತ ಮಂಜು ಗಟ್ಟಿಯಾಗಿ, ತಣ್ಣನೆಯ ಗಾಳಿ ಕೆಳಗಿಳಿಯುವ ದಾರಿ ಮುಚ್ಚಿಹೋಗಿತ್ತು. ಮೊದಲ ರಿಪೇರಿಯ ಸಮಯದಲ್ಲಿ ಯಂತ್ರವು ಗಂಟೆಗಟ್ಟಲೆ ಬಂದ್ ಆಗಿದ್ದುದರಿಂದ ಆ ಮಂಜು ತಾನಾಗಿ ಕರಗಿತ್ತು. ಹತ್ತು ದಿನ ತಂಪು ದೊರೆತದ್ದು ಅದರಿಂದಲೇ ಹೊರತು ಗ್ಯಾಸಿನಿಂದಲ್ಲ.

ಫ್ರಿಜ್ಜಿನ ಗ್ಯಾಸು ದೀಪದ ಎಣ್ಣೆಯಂತೆ ಉರಿದು ತೀರುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸು ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆ ಇದೆಯೆಂದೇ ಅರ್ಥ. ಸೋರಿಕೆಯನ್ನು ಹುಡುಕದೆ ಗ್ಯಾಸ್ ತುಂಬುವುದು, ತಾಳೆಯಾಗದ ಮೊತ್ತವನ್ನು ಅನಾಮತು ಖಾತೆಗೆ ತಳ್ಳಿ ತಃಖ್ತೆ ಸರಿಹೋಯಿತೆಂದಂತೆ. ಮೇಲಾಗಿ ಇಂದಿನ ಅನೇಕ ಫ್ರಿಜ್ಜುಗಳಲ್ಲಿರುವ ಆರ್-600ಎ ಬೆಂಕಿ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಅದು ತರಬೇತಿಯಿಲ್ಲದ ಕೈಗಳ ಕೆಲಸವಲ್ಲ.

ಮೆಕ್ಯಾನಿಕ್‌ನನ್ನು ಕರೆಯುವ ಮುನ್ನ ಗೃಹಸ್ಥರೇ ನೋಡಬಹುದಾದ ಸಂಗತಿಗಳಿವೆ. ಪ್ಲಗ್ ಮತ್ತು ವೋಲ್ಟೇಜ್ ಸರಿಯಿವೆಯೆ? ತಂಪಿನ ಗುಂಡಿಯನ್ನು ಯಾರಾದರೂ ತಿರುಗಿಸಿದ್ದಾರೆಯೆ? ಬಾಗಿಲಿನ ರಬ್ಬರಿಗೆ ಕಾಗದದ ಚೀಟಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಗಾಳಿ ಒಳನುಗ್ಗುತ್ತಿದೆ. ಹಿಂದೆ ಕಾಯಿಲ್ ಕಾಣುತ್ತಿದ್ದರೆ ಪ್ಲಗ್ ತೆಗೆದು ಧೂಳು ಒರೆಸಿ, ಗೋಡೆಯಿಂದ ಅಂತರ ಬಿಡಿ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ದಪ್ಪಗೆ ಕಟ್ಟಿದ ಮಂಜನ್ನು ಕರಗಿಸಿ ತೆಗೆಯಿರಿ. ಚಾಕುವಿನಿಂದ ಕೆತ್ತಿದರೆ ಕೊಳವೆ ತೂತಾಗಿ ಗ್ಯಾಸು ನಿಜವಾಗಿಯೂ ಹೋದೀತು. ನೀರಿನ ಲೋಟದಲ್ಲಿ ಉಷ್ಣಮಾಪಕವನ್ನು ರಾತ್ರಿಯಿಡೀ ಒಳಗಿಡಿ. 5 ಡಿಗ್ರಿಗಿಂತ ಮೇಲಿರಕೂಡದು. ಫ್ರೀಜರಿನಲ್ಲಿ ಇರಬೇಕಾದುದು ಮೈನಸ್ 18.

ಬಳಿಕ ಲಕ್ಷಣ ಗಮನಿಸಿ. ಫ್ರಾಸ್ಟ್‌ಫ್ರೀ ಯಂತ್ರದಲ್ಲಿ ಫ್ರೀಜರ್ ತಂಪಾಗಿದ್ದು ಕೆಳಭಾಗ ಮಾತ್ರ ಬೆಚ್ಚಗಿದ್ದರೆ ಮೊದಲ ಸಂಶಯ ಫ್ಯಾನ್, ಗಾಳಿಯ ದಾರಿ ಅಥವಾ ಹೀಟರಿನ ಮೇಲೆ. ಕಂಪ್ರೆಸರ್ ‘ಟಕ್’ ಎಂದು ಮತ್ತೆ ಮತ್ತೆ ನಿಂತರೆ ರಿಲೇ ಅಥವಾ ವೋಲ್ಟೇಜ್ ಮೇಲೆ. ಕಂಪ್ರೆಸರ್ ಎಡೆಬಿಡದೆ ಓಡಿಯೂ ಎಲ್ಲಿಯೂ ತಂಪಿಲ್ಲದಿದ್ದರೆ ಗ್ಯಾಸಿನ ಮಾತು ಬರಬಹುದು.

ಈಗ ನಮ್ಮ ವರ್ತಕ ಬಂಧುಗಳಲ್ಲಿ ಒಂದು ನಿವೇದನೆ. ಗೃಹೋಪಕರಣಗಳನ್ನು ಮಾರುವವರೂ ರಿಪೇರಿ ಮಾಡಿಸುವವರೂ ನಮ್ಮಲ್ಲಿ ಹಲವರಿದ್ದಾರೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸಲ್ಲಿಸಿದ ಸೇವೆಗೆ ನಿಯಮದಂತೆ ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದೇ ಎಣಿಸಿದೆ. ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ಮೆಕ್ಯಾನಿಕ್ ಕೂಡ ರಸೀದಿ ಬರೆದುಕೊಡಲು ಅಡ್ಡಿಯಿಲ್ಲ. ಅದರಲ್ಲಿ ಮೂರು ಸಾಲುಗಳಿರಲಿ: ದೂರು ಏನು, ಕಂಡ ದೋಷವೇನು, ಮಾಡಿದ ಕೆಲಸವೇನು. ತೆಗೆದ ಹಳೆಯ ಬಿಡಿಭಾಗವನ್ನು ಗ್ರಾಹಕರ ಕೈಗಿತ್ತರೆ ಇನ್ನೂ ಒಳಿತು.

ಹೀಗೆ ಮಾಡಿದರೆ ಗ್ಯಾಸ್ ತುಂಬುವ ಸುಲಭ ಸಂಪಾದನೆ ಕೈತಪ್ಪೀತೆಂದು ಕೆಲವರು ಅಂಜಬಹುದು. ನನ್ನ ಅನುಭವವನ್ನೇ ಹೇಳುವೆ: ಮೊದಲನೆಯವರಿಗೆ ನಾನು ಮತ್ತೆ ಫೋನ್ ಮಾಡಲಿಲ್ಲ; ಎರಡನೆಯವರ ನಂಬರನ್ನು ಈಗಾಗಲೇ ನಾಲ್ಕು ಮನೆಗಳಿಗೆ ಕೊಟ್ಟಿದ್ದೇನೆ. ಲಾಭ-ನಷ್ಟದ ಲೆಕ್ಕವನ್ನು ವರ್ತಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.