ಅಂಗಡಿಯ ತಕ್ಕಡಿಗೆ ಮುದ್ರೆ, ಆಸ್ಪತ್ರೆಯ ಗಾಜಿಗೆ ಏಕಿಲ್ಲ?

ಕಿರಾಣಿ ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಇಲ್ಲದಿದ್ದರೆ ಇನ್‌ಸ್ಪೆಕ್ಟರು ಬಂದು ದಂಡ ಹಾಕುತ್ತಾರೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ತೂಕದಲ್ಲಿ ಕಡಮೆ ಕೊಡುವುದು ಅಪರಾಧ. ಇರಲಿ, ಅದು ನ್ಯಾಯವೇ. ನಮ್ಮ ವ್ಯಾಪಾರಿ ಬಂಧುಗಳು ಅದಕ್ಕೆ ತಕರಾರು ತೆಗೆಯುವುದಿಲ್ಲ. ಆದರೆ ಒಬ್ಬ ತಾಯಿಯ ಎದೆಯ ಗಂಟಿನ ತುಣುಕಿಗೆ ಬಣ್ಣ ಹಾಕಿ, ಯಾವ ಔಷಧ ಆಕೆಗೆ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂದು ತೀರ್ಪು ಕೊಡುವ ಪ್ರಯೋಗಾಲಯದ ತಕ್ಕಡಿಯನ್ನು ಪರೀಕ್ಷಿಸುವವರು ಯಾರು? ನಮ್ಮ ದೇಶದಲ್ಲಿ ಎನ್‌ಎಬಿಎಲ್ ಮಾನ್ಯತೆ ಪಡೆಯುವುದು ಪ್ರಯೋಗಾಲಯಗಳ ಸ್ವಇಚ್ಛೆಗೆ ಬಿಟ್ಟ ಸಂಗತಿ. ಬೇಳೆಗೆ ಇರುವ ಕಾವಲು ಪ್ರಾಣಕ್ಕೆ ಇಲ್ಲ!

ಈ ಪರೀಕ್ಷೆಯ ಹೆಸರು ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಹೆಸರು ಕೇಳಿ ಹೆದರಬೇಕಾಗಿಲ್ಲ. ಗಿರಣಿಯ ಬಣ್ಣದ ಖಾತೆಯಲ್ಲಿ ದುಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಗಂಟಿನ ತುಣುಕನ್ನು ಫಾರ್ಮಲಿನ್ನಿನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳ್ಳಗೆ ಹೆರೆದು, ಸ್ಲೈಡ್ ಎಂಬ ಗಾಜಿನ ಪಟ್ಟಿಯ ಮೇಲೆ ಕೂರಿಸುತ್ತಾರೆ. ಅದಕ್ಕೆ ಶಾಖ ಕೊಟ್ಟು ಪ್ರತಿಕಾಯದ ದ್ರವ ಹನಿಸುತ್ತಾರೆ. ಹುಡುಕುವ ವಸ್ತು ಜೀವಕೋಶದಲ್ಲಿದ್ದರೆ ಪ್ರತಿಕಾಯ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಹಾಕುವ ದ್ರವಗಳಿಂದ ಆ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ಕಾಣುವುದು ಬರಿಯ ನೀಲಿ. ಸ್ತನ ಕ್ಯಾನ್ಸರಿನ ನೂರು ಜೀವಕೋಶಗಳಲ್ಲಿ ಒಂದು ಕಂದಾದರೂ ಈಸ್ಟ್ರೋಜೆನ್ ಗ್ರಾಹಕ ಉಂಟೆಂದು ಲೆಕ್ಕ. ಅಂಥವರಿಗೆ ಟಮಾಕ್ಸಿಫೆನ್ ಎಂಬ ಅಗ್ಗದ ಮಾತ್ರೆಯಿಂದ ಪ್ರಯೋಜನವಾಗಬಹುದು. ನೀಲಿಯಾದರೆ ಆ ಮಾತ್ರೆ ಕೊಡುವುದಿಲ್ಲ.

ಮೋಸ ಇರುವುದು ಈ ನೀಲಿಯಲ್ಲಿ. ವಸ್ತು ನಿಜವಾಗಿ ಇಲ್ಲದಿದ್ದರೂ ನೀಲಿ; ದ್ರವ ಹಳಸಿದ್ದರೂ, ಶಾಖ ಸಾಲದಿದ್ದರೂ, ಹನಿ ಬೀಳದೇ ಹೋದರೂ ಅದೇ ನೀಲಿ! ಎರಡನ್ನೂ ಬೇರ್ಪಡಿಸುವ ಉಪಾಯವೇ ಕಂಟ್ರೋಲ್ ಅಂಗಾಂಶ. ಇದನ್ನು ನಾವು ಸಾಕ್ಷಿ ತುಣುಕು ಎನ್ನೋಣ. ಬಣ್ಣ ಬಂದೇ ಬರಬೇಕಾದ ತುಣುಕೊಂದು, ಬರಲೇಬಾರದ ತುಣುಕೊಂದು. ಮೊದಲನೆಯದು ಕಂದಾಗದಿದ್ದರೆ ಆ ಪರೀಕ್ಷೆಯ 'ಇಲ್ಲ' ಎಂಬ ಮಾತಿಗೆ ಬೆಲೆಯಿಲ್ಲ. ಎರಡನೆಯದು ಕಂದಾದರೆ 'ಉಂಟು' ಎಂಬ ಮಾತನ್ನು ನಂಬುವಂತಿಲ್ಲ. ಹರ್-2 ಎಂಬ ಪರೀಕ್ಷೆಯಲ್ಲಿ ಸುಳ್ಳು ಕಂದು ಬಂದರೆ, ಕೆಲಸಕ್ಕೆ ಬಾರದ ದುಬಾರಿ ಚುಚ್ಚುಮದ್ದಿಗಾಗಿ ಬಡವನ ಮನೆಯೇ ಅಡವಾದೀತು.

ಇದು ಕಲ್ಪನೆಯ ಭಯವಲ್ಲ. ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ, ಸೇಂಟ್ ಜಾನ್ಸ್ ನಗರದ ಸಾರ್ವಜನಿಕ ಆಸ್ಪತ್ರೆಯ ಪ್ರಯೋಗಾಲಯವು 1997ರಿಂದ 2005ರವರೆಗೆ ಈ ಪರೀಕ್ಷೆಯನ್ನು ನಡೆಸಿತು. 2003ರಲ್ಲಿಯೇ ಅಲ್ಲಿನ ವೈದ್ಯರೊಬ್ಬರು ಫಲಿತಾಂಶಗಳು ನಂಬುವಂತಿಲ್ಲವೆಂದು ಬರೆದು ಎಚ್ಚರಿಸಿದ್ದರು. 'ಇಲ್ಲ' ಎನಿಸಿಕೊಂಡಿದ್ದ ಸುಮಾರು ಸಾವಿರ ಮಂದಿಯ ತುಣುಕುಗಳನ್ನು ಟೊರಾಂಟೋದಲ್ಲಿ ಮರುಪರೀಕ್ಷೆ ಮಾಡಿಸಿದಾಗ 380ಕ್ಕೂ ಹೆಚ್ಚು ಮಂದಿಯ ಫಲಿತಾಂಶ ತಪ್ಪೆಂದು ಗೊತ್ತಾಯಿತು. ಜನಕ್ಕೆ ಈ ಸಂಗತಿ ತಿಳಿದದ್ದು ಆಸ್ಪತ್ರೆಯಿಂದಲ್ಲ, 2005ರ ಅಕ್ಟೋಬರಿನಲ್ಲಿ ಒಂದು ಪತ್ರಿಕೆಯಿಂದ. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರನ್ ಆಯೋಗವು 2009ರಲ್ಲಿ ವರದಿ ಕೊಟ್ಟು, ಗುಣಮಟ್ಟದ ತಪಾಸಣೆಯೇ ಸರಿಯಾಗಿರಲಿಲ್ಲವೆಂದು ಹೇಳಿತು. ಅದು ಲಾಭಕೋರರ ಆಸ್ಪತ್ರೆಯಲ್ಲ, ಜನರ ಹಣದ್ದು. ಆದ್ದರಿಂದ ಸರಕಾರಿ ಬೋರ್ಡು ಕಂಡೊಡನೆ ಕಣ್ಣು ಮುಚ್ಚಿಕೊಳ್ಳುವಂತಿಲ್ಲ.

'ನಾವು ಸಾಕ್ಷಿ ಇಡುತ್ತೇವಲ್ಲ!' ಎನ್ನುತ್ತಾರೆ ಕೆಲವರು. ಎಲ್ಲಿ ಇಡುತ್ತೀರಿ, ಸ್ವಾಮಿ? ಇಪ್ಪತ್ತು ಮೂವತ್ತು ಗಾಜುಗಳ ನಡುವೆ ಒಂದೇ ಒಂದು ಬೇರೆ ಗಾಜಿನ ಮೇಲೆ! ಯಂತ್ರವಾದರೂ ಪ್ರತಿ ಗಾಜಿಗೂ ಬೇರೆ ಬೇರೆಯಾಗಿ ದ್ರವ ಹನಿಸುತ್ತದೆ. ಆ ಗಾಜಿಗೆ ಹನಿ ಬಿದ್ದರೆ, ರೋಗಿಯ ಗಾಜಿಗೂ ಬಿತ್ತೆಂದು ಅರ್ಥವೇ? ಒಂದು ತೊಟ್ಟಿಯಲ್ಲಿ ಅದ್ದಿದ ಮಾದರಿ ತುಂಡನ್ನು ತೋರಿಸಿ, ಇನ್ನೊಂದು ತೊಟ್ಟಿಯ ಬಟ್ಟೆಗೆ ಬಣ್ಣ ಸರಿ ಹಿಡಿದಿದೆ ಎಂದರೆ ಬಣ್ಣದ ಖಾತೆಯ ಮೇಸ್ತ್ರಿ ಒಪ್ಪುತ್ತಾನೆಯೇ? ರೋಗಿಯ ತುಣುಕು ಇರುವ ಗಾಜಿನ ಮೇಲೆಯೇ ಸಾಕ್ಷಿ ತುಣುಕೂ ಕೂರಬೇಕು. ಇದೇ ನಮ್ಮ ವಾದ.

ಖರ್ಚಿನ ನೆಪವೂ ನಿಲ್ಲುವುದಿಲ್ಲ. ಶಸ್ತ್ರಕ್ರಿಯೆಯಲ್ಲಿ ತೆಗೆದ ಟಾನ್ಸಿಲ್, ಗರ್ಭಕೋಶದ ಕೊರಳು, ಇಂಥವೇ ಈ ಪರೀಕ್ಷೆಗೆ ಸಾಕ್ಷಿ. ಒಂದೇ ಮೇಣದ ಗಟ್ಟಿಯಿಂದ ನೂರಾರು ಚೂರು ಹೆರೆಯಬಹುದು. ಆದರೆ ಗಾಢವಾಗಿ ಕಂದಾಗುವ ತುಣುಕು ಒಂದನ್ನೇ ಇಡುವುದೂ ಕಣ್ಕಟ್ಟು. ಕೆಟ್ಟ ದ್ರವಕ್ಕೂ ಅದು ಬಣ್ಣ ತೋರಿಸೀತು. ಟಾನ್ಸಿಲ್ಲಿನಂತೆ ತೆಳುವಾಗಿ, ಅಲ್ಲಲ್ಲಿ ಮಾತ್ರ ಕಂದಾಗುವ ತುಣುಕೂ ಬೇಕು. ರೋಗಿಯ ತುಣುಕೇ ಫಾರ್ಮಲಿನ್ನಿನಲ್ಲಿ ಸರಿಯಾಗಿ ನೆನೆಯದಿದ್ದರೆ ಹೊರಗಿನ ಸಾಕ್ಷಿಗೆ ಅದು ಗೊತ್ತಾಗದು. ಅದಕ್ಕಾಗಿ ಆಕೆಯದೇ ಎದೆಯ ಆರೋಗ್ಯವಂತ ನಾಳಗಳಲ್ಲಿ ಬಣ್ಣ ಬಂದಿದೆಯೇ ಎಂದೂ ನೋಡಬೇಕು.

ಗುತ್ತಿಗೆಯ ಮೇಲೆ ದುಡಿಯುವ ಟೆಕ್ನೀಷಿಯನ್ನನನ್ನು ಹಳಿದು ಕೈ ತೊಳೆದುಕೊಳ್ಳುವುದು ಬೇಡ. ಗಾಜಿನ ಲೆಕ್ಕ ಏರಿಸಿ, ಆಳಿನ ಲೆಕ್ಕ ಇಳಿಸಿದವರು ಮೊದಲು ಉತ್ತರ ಕೊಡಲಿ.

ನಮ್ಮ ಬೇಡಿಕೆಗಳು ಮೂರು. ಪ್ರತಿ ರೋಗಿಯ ಗಾಜಿನ ಮೇಲೂ ಸಾಕ್ಷಿ ತುಣುಕು ಇರಬೇಕು. ಅದಕ್ಕೆ ಬಣ್ಣ ಹೇಗೆ ಬಂತೆಂಬುದನ್ನು ವರದಿಯಲ್ಲಿಯೇ ಬರೆಯಬೇಕು. ಹೊರಗಿನವರಿಂದ ತಪಾಸಣೆ ಕಡ್ಡಾಯವಾಗಿ, ಅದರ ಫಲ ಜನರ ಮುಂದೆ ಬರಬೇಕು. ಅಲ್ಲಿಯವರೆಗೆ ಬಂಧುಗಳು ಒಂದು ಕೆಲಸ ಮಾಡಬಹುದು. ಮನೆಯವರ ವರದಿ ಕೈಗೆ ಬಂದಾಗ, 'ಕಂಟ್ರೋಲ್ ಸರಿಯಾಗಿ ಬಂದಿತ್ತೇ? ಅದೇ ಗಾಜಿನ ಮೇಲಿತ್ತೇ?' ಎಂದು ಕೇಳಿರಿ. ತಕ್ಕಡಿಯ ಮುಳ್ಳು ನೋಡಿ ಸಾಮಾನು ಕಟ್ಟಿಸಿಕೊಳ್ಳುವ ಜನ ನಾವು; ಇಲ್ಲಿ ಮಾತ್ರ ಸಂಕೋಚವೇಕೆ?