ಆನೆಗೆ ಪಹಣಿ ಓದಲು ಬರುವುದಿಲ್ಲ

ಮಕ್ಕಳೇ, ಮೊನ್ನೆ ನಮ್ಮ ಹಿತ್ತಲ ಹಲಸಿನ ಮರ ಕೊಳ್ಳಲು ವ್ಯಾಪಾರಿಯೊಬ್ಬರು ಬಂದಿದ್ದರು. ಮೊಮ್ಮಗಳು ಪಹಣಿ ಹಿಡಿದು ಕೇಳಿದಳು: “ಅಜ್ಜಾ, ಇದರಲ್ಲಿ ನಿನ್ನ ಹೆಸರಿದೆ. ಹಾಗಾದರೆ ಮರದಲ್ಲಿರುವ ಅಳಿಲೂ ನಿನ್ನದೇನಾ?”

ನಗು ಬಂತು. ಆದರೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಕೊಡಗಿನಲ್ಲಿ ನಡೆದ ಒಂದು ಕಥೆ ಹೇಳಿದೆ.

1991ರಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ ಬ್ರಹ್ಮಗಿರಿ ಕಾಡಿನ ಹತ್ತಿರ 55 ಎಕರೆ ಪಾಳು ಜಮೀನು ಕೊಂಡರು. ಬೆಳೆ ತೆಗೆಯಲು ಅಲ್ಲ, ಕಾಡು ಮರಳಿ ಬರಲಿ ಎಂದು! ಆ ಮಣ್ಣಿನ ಮರಗಳೇ ಬೆಳೆಯಲು ಬಿಟ್ಟರು. ಬೇಟೆಗಾರರನ್ನು ದೂರವಿಟ್ಟರು. ಅಕ್ಕಪಕ್ಕದವರು ಜಮೀನು ಮಾರಿದಾಗ ಅದನ್ನೂ ಕೊಂಡರು. ಈಗ ಅದು ಸುಮಾರು 300 ಎಕರೆ ಕಾಡು. ಆನೆ, ಚಿರತೆ, ಕಡವೆ, ನೀರುನಾಯಿ ಎಲ್ಲವೂ ಬರುತ್ತವೆ. ಆನೆಗೇನು ಪಹಣಿ ಓದಲು ಬರುತ್ತದೆಯೇ? ನೆರಳು, ನೀರು ಇದ್ದರೆ ಅದೇ ಅದರ ಊರು. 2017ರಲ್ಲಿ ಪಮೇಲಾ ಅವರಿಗೆ ರಾಷ್ಟ್ರಪತಿಗಳಿಂದ ನಾರಿ ಶಕ್ತಿ ಪುರಸ್ಕಾರ ಸಿಕ್ಕಿತು.

“ಅವರ ನಂತರ ಕಾಡನ್ನು ಯಾರಾದರೂ ಮಾರಿಬಿಟ್ಟರೆ?” ಎಂದಳು ಮೊಮ್ಮಗಳು.

ಜಾಣೆ! ಮನುಷ್ಯನ ಆಯುಸ್ಸು ಚಿಕ್ಕದು, ಕಾಡಿನದು ದೊಡ್ಡದು. ಅದಕ್ಕೇ ಅವರು ‘ಸಾಯಿ ಸ್ಯಾಂಕ್ಚುಯರಿ’ ಟ್ರಸ್ಟ್ ಮಾಡಿದರು. ಅನಿಲ್ 2021ರಲ್ಲಿ ತೀರಿಕೊಂಡರು. ಕಾಡು ಉಳಿದಿದೆ.

ಕಾನೂನಿನಲ್ಲಿ ಇನ್ನೊಂದು ದಾರಿಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ, ಜನರು ತಾವಾಗಿ ಮುಂದೆ ಬಂದರೆ ಅವರ ಖಾಸಗಿ ಜಮೀನನ್ನೂ ‘ಸಮುದಾಯ ಮೀಸಲು’ ಎಂದು ಸರ್ಕಾರ ಘೋಷಿಸಬಹುದು. ಜಮೀನು ಅವರದ್ದೇ. ಆದರೆ ಮುಂದೆ ಅದರ ಬಳಕೆ ಬದಲಾಗಬೇಕಾದರೆ ನಿರ್ವಹಣಾ ಸಮಿತಿ ನಿರ್ಣಯಿಸಬೇಕು, ಸರ್ಕಾರವೂ ಒಪ್ಪಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಅಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಅವನ್ನು ನೋಡಿಕೊಳ್ಳುತ್ತಾರೆ.

ನಮಗಿರುವುದು ಹಿತ್ತಲು ಮಾತ್ರ, ನೂರಾರು ಎಕರೆಯಲ್ಲ. ಆದರೂ ವ್ಯಾಪಾರಿಗೆ “ಮರ ಕೊಡುವುದಿಲ್ಲ” ಎಂದು ಹೇಳಿ ಕಳುಹಿಸಿದೆ. ಅಳಿಲು ನನ್ನದಲ್ಲ, ಅದರ ಮನೆ ಮಾತ್ರ ನನ್ನ ಕೈಯಲ್ಲಿದೆ.

ಮಕ್ಕಳೇ, ಇವತ್ತು ನಿಮ್ಮ ಅಜ್ಜ-ಅಜ್ಜಿಯ ಕೈ ಹಿಡಿದು ಹಿತ್ತಲಿಗೋ ತೋಟಕ್ಕೋ ಹೋಗಿ. ಯಾವ ಮರದಲ್ಲಿ ಯಾರ ಗೂಡಿದೆ, ನೋಡಿ ಬರೆದಿಡಿ. ಅಜ್ಜ-ಅಜ್ಜಿಯರೇ, ಆಸ್ತಿ ಪಾಲು ಮಾಡುವ ದಿನ ಆ ಪಟ್ಟಿಯನ್ನೂ ಒಮ್ಮೆ ಓದಿ.