ದಾರಿ ಹೇಳುವ ಪೆಟ್ಟಿಗೆ

ಕಾರಿನ ಮುಂಗಾಜಿಗೆ ಅಂಟಿಸಿಕೊಂಡು ದಾರಿ ಕೇಳುವ ಒಂದು ಅಗ್ಗದ ಪೆಟ್ಟಿಗೆಯನ್ನು ಆರಿಸಿ ತರುವ ವಿಚಾರವು ಈ ಪುಟಕ್ಕೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಅಂಗಡಿಗೆ ಹೋಗಿ, ಬೆಲೆ ವಿಚಾರಿಸಿ, ಹಣ ಕೊಟ್ಟು ತರುವ ವಸ್ತುವಿನಲ್ಲಿ ಭಾಷೆಯ ಪ್ರಶ್ನೆ ಎಲ್ಲಿಂದ ಬಂತು? ಆದರೆ ಆ ಪೆಟ್ಟಿಗೆಯನ್ನು ತಂದು ಮೂರು ವರ್ಷ ಬಳಸಿದ ಮೇಲೆ, ಅದರಲ್ಲಿ ಭಾಷೆಯ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ಬೇರೆ ಇಲ್ಲವೆಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ. ಹೇಗೆಂಬುದನ್ನು ಹೇಳುತ್ತೇನೆ.

ಕೈಯಲ್ಲಿ ಫೋನು ಇರುವಾಗ ಬೇರೆ ಪೆಟ್ಟಿಗೆ ಏಕೆ ಎಂದು ಮಿತ್ರರು ನಕ್ಕರು. ಆ ನಗುವಿಗೆ ಅರ್ಥವಿಲ್ಲದೆ ಇಲ್ಲ. ಬೆಂಗಳೂರಿನಂಥ ಊರಿನಲ್ಲಿ ಯಾವ ರಸ್ತೆ ಈ ಗಳಿಗೆಯಲ್ಲಿ ವಾಹನಗಳಿಂದ ಕಟ್ಟಿಹೋಗಿದೆಯೆಂದು ತಿಳಿಸುವುದರಲ್ಲಿ ಫೋನಿಗೆ ಸಮನಾದುದು ಇಲ್ಲ. ನಕ್ಷೆಯನ್ನು ಮುಂಚಿತವಾಗಿಯೇ ಇಳಿಸಿಕೊಂಡರೆ ಜಾಲದ ಸಂಪರ್ಕವಿಲ್ಲದ ಕಡೆಯೂ ಅದು ಕೆಲಸ ಮಾಡುತ್ತದೆ. ಆದರೆ ಮುಂಚಿತವಾಗಿ ಮಾಡುವ ಕೆಲಸಗಳನ್ನು ನಮ್ಮಲ್ಲಿ ಎಷ್ಟು ಮಂದಿ ಮಾಡುತ್ತೇವೆ? ಪೆಟ್ಟಿಗೆಯ ನಕ್ಷೆ ಪೆಟ್ಟಿಗೆಯೊಳಗೇ ಇರುತ್ತದೆ. ಅದಕ್ಕೆ ಕರೆ ಬರುವುದಿಲ್ಲ, ಜಾಹೀರಾತು ಬರುವುದಿಲ್ಲ. ಮನೆಯಲ್ಲಿ ಕಾರನ್ನು ಯಾರು ತೆಗೆದುಕೊಂಡು ಹೋದರೂ ಅವರೊಡನೆ ಅದೂ ಹೋಗುತ್ತದೆ. ಇಷ್ಟು ಕಾರಣಗಳು ನನಗೆ ಸಾಕಾಗಿದ್ದುವು.

ಈ ಯಂತ್ರದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಮಂದಿಗೆ ಇದೆ. ಆಕಾಶದಲ್ಲಿರುವ ಉಪಗ್ರಹಗಳು ನಮ್ಮ ಕಾರನ್ನು ನೋಡುತ್ತಿರುತ್ತವೆಂದು ಅವರು ಭಾವಿಸುತ್ತಾರೆ. ಉಪಗ್ರಹಕ್ಕೆ ನಮ್ಮ ಗೊಡವೆಯೇ ಇಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ತಾನು ಎಲ್ಲಿದ್ದೇನೆ, ಈಗ ವೇಳೆ ಎಷ್ಟು ಎಂಬುದನ್ನು ಅದು ಎಡೆಬಿಡದೆ ಸಾರುತ್ತಿರುತ್ತದೆ, ಅಷ್ಟೆ. ನಮ್ಮ ಪೆಟ್ಟಿಗೆ ಕೇವಲ ಕೇಳುವ ಯಂತ್ರ. ನಾಲ್ಕು ಉಪಗ್ರಹಗಳ ಮಾತು ಕಿವಿಗೆ ಬಿದ್ದರೆ, ಆ ಮಾತುಗಳು ತಲುಪಲು ಹಿಡಿದ ಕಾಲವನ್ನು ಲೆಕ್ಕ ಹಾಕಿ ತಾನಿರುವ ಸ್ಥಳವನ್ನು ಅದು ಕಂಡುಕೊಳ್ಳುತ್ತದೆ. ಆ ಗಡಿಯಾರಗಳು ಎಷ್ಟು ಸೂಕ್ಷ್ಮವೆಂದರೆ, ಐನ್‌ಸ್ಟೈನನ ಸಾಪೇಕ್ಷ ಸಿದ್ಧಾಂತದ ಪ್ರಕಾರ ಅವು ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಭಾಗದಷ್ಟು ಮುಂದೆ ಓಡುವುದನ್ನು ಕೂಡ ತಿದ್ದಿಡಬೇಕಾಗುತ್ತದೆ. ತಿದ್ದದೆ ಬಿಟ್ಟರೆ ಒಂದು ದಿನದಲ್ಲಿ ನಮ್ಮ ಕಾರು ಕಿಲೋಮೀಟರುಗಟ್ಟಲೆ ಆಚೆ ಇರುವಂತೆ ತೋರೀತು. ಅಮೆರಿಕದ ಸರ್ಕಾರವು ಸಾಮಾನ್ಯ ಜನರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆಯೇ ಇಂಥ ಪೆಟ್ಟಿಗೆಗಳು ಕಾರಿನ ಕೆಲಸಕ್ಕೆ ನಿಜವಾಗಿ ಒದಗಿದುವು. ಸ್ಥಳ ಹುಡುಕುವ ಈ ವಿದ್ಯೆಯಲ್ಲಿ ಅಗ್ಗದ ಪೆಟ್ಟಿಗೆಗೂ ದುಬಾರಿ ಪೆಟ್ಟಿಗೆಗೂ ನಮ್ಮಂಥವರ ಲಕ್ಷ್ಯಕ್ಕೆ ಬರುವಷ್ಟು ಅಂತರವಿಲ್ಲ. ಬಯಲಿನಲ್ಲಿ ಎರಡೂ ಕೆಲವೇ ಮೀಟರುಗಳ ಅಂತರದಲ್ಲಿ ನಿಜ ಹೇಳುತ್ತವೆ. ದಟ್ಟವಾದ ಮರಗಳ ಕಣಿವೆಯಲ್ಲಿ ಎರಡೂ ತಡವರಿಸುತ್ತವೆ.

ಹಾಗಾದರೆ ಪೆಟ್ಟಿಗೆ ಎಡವುವುದು ಎಲ್ಲಿ? ಆಕಾಶದಲ್ಲಿ ಅಲ್ಲ, ಹೆಸರಿನಲ್ಲಿ.

ಪೆಟ್ಟಿಗೆ ತಂದ ಮೊದಲ ವರ್ಷದ ಮಳೆಗಾಲದಲ್ಲಿ ನಾನು ತೀರ್ಥಹಳ್ಳಿಯ ಕಡೆ ಅಕ್ಕನ ಮನೆಯಲ್ಲಿದ್ದೆ. ರಾತ್ರಿ ಹತ್ತರ ಹೊತ್ತಿಗೆ ಅಕ್ಕನಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಭಾವನವರು ಊರಲ್ಲಿರಲಿಲ್ಲ. ಅಕ್ಕನನ್ನು ಹಿಂದಿನ ಆಸನದಲ್ಲಿ ಮಲಗಿಸಿಕೊಂಡು, ಆಗುಂಬೆಯ ಘಾಟಿ ಇಳಿದು ಮಣಿಪಾಲ ಸೇರಬೇಕೆಂದು ಹೊರಟೆ. ಫೋನಿನಲ್ಲಿ ಸಂಪರ್ಕವಿರಲಿಲ್ಲ. ನಾನು ಬಲ್ಲ ರಸ್ತೆಗೆ ಅಡ್ಡಲಾಗಿ ದೊಡ್ಡ ಮರವೊಂದು ಬಿದ್ದಿತ್ತು. ಪೆಟ್ಟಿಗೆ ಕ್ಷಣ ಯೋಚಿಸಿ ಬೇರೊಂದು ದಾರಿ ತೋರಿಸಿತು. ಆ ದಾರಿಯ ಮೇಲೆ ಒಂದು ಹಳ್ಳಿಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಕಾರು ಹೋಗುವ ದಾರಿಯೋ ಅಲ್ಲವೋ ಎಂಬ ಅನುಮಾನದಿಂದ, ಕವಲಿನಲ್ಲಿ ದೀಪ ಕಂಡ ಮನೆಯ ಮುಂದೆ ನಿಲ್ಲಿಸಿ, ಹೊರಗೆ ಬಂದ ಮುದುಕರನ್ನು ಕೇಳಿದೆ: “ಹಾಲಗದ್ದೆಗೆ ಹೋಗುವ ದಾರಿ ಚೆನ್ನಾಗಿದೆಯೇ?” (ಹೆಸರುಗಳನ್ನು ಇಲ್ಲಿ ಕೊಂಚ ಬದಲಾಯಿಸಿದ್ದೇನೆ.)

“ಹಾಲಗದ್ದೆಯಾ? ನೀವು ದಾಟಿ ಬಂದ್ರಲ್ಲ ಮಾರಾಯ್ರೆ. ಹಿಂದೆ ಹೋಗ್ಬೇಕು.”

ಹಿಂದೆ ಹೋದೆ. ತಿರುಗಿ ಹೋಗೆಂದು ಪೆಟ್ಟಿಗೆ ಇಂಗ್ಲಿಷಿನಲ್ಲಿ ಗೋಗರೆಯುತ್ತಲೇ ಇತ್ತು. ಆಕಾಶಕ್ಕಿಂತ ಮುದುಕರನ್ನು ನಂಬುವುದು ಲೇಸೆಂದು ನಾನು ಅದರ ಬಾಯಿ ಮುಚ್ಚಿಸಿದೆ. ಹಾಲಗದ್ದೆ ತಲುಪಿದಾಗ ದಾರಿಯ ಕೊನೆಯಲ್ಲಿ ಉಕ್ಕಿ ಹರಿಯುವ ಹಳ್ಳವೊಂದಿತ್ತು; ಆಚೆಗೆ ರಸ್ತೆಯೇ ಇರಲಿಲ್ಲ. ಅಲ್ಲಿನ ಹುಡುಗನೊಬ್ಬ ಪರದೆಯನ್ನು ನೋಡಿ ಹೇಳಿದ: “ಇದು ಹಾಲಗದ್ದೆ ಅಲ್ಲ, ಹಳಗದ್ದೆ. ಆ ಅಜ್ಜನ ಮನೆ ಮುಂದಿನ ಕವಲಲ್ಲೇ ಹೋಗ್ಬೇಕಿತ್ತು.” ಮುಕ್ಕಾಲು ಗಂಟೆ ಕಳೆದಿತ್ತು. ಅಕ್ಕ ಉಳಿದಳು, ಅದು ವೈದ್ಯರ ಮತ್ತು ಅವಳ ಗಟ್ಟಿತನದ ಫಲ. ಆದರೆ ಆ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ. ಮುದುಕರು ಹೇಳಿದ್ದು ಸತ್ಯ. ಉಪಗ್ರಹಗಳು ಹೇಳಿದ್ದೂ ಸತ್ಯ. ನಡುವೆ ನಿಂತು ಎರಡು ಸತ್ಯಗಳನ್ನೂ ಸುಳ್ಳು ಮಾಡಿದ್ದು ದೀರ್ಘವನ್ನೂ ಹ್ರಸ್ವವನ್ನೂ, ಲಕಾರವನ್ನೂ ಳಕಾರವನ್ನೂ ಒಂದೇ ಮಾಡಿಬಿಡುವ ಆರೇಳು ಪರಕೀಯ ಅಕ್ಷರಗಳು.

ಇದು ಕಾಡಿನ ಮೂಲೆಯ ವಿಚಾರ ಮಾತ್ರವಲ್ಲ. ಹೊಯ್ಸಳರ ಬೇಲೂರಿಗೂ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೂ ಇಂಗ್ಲಿಷಿನಲ್ಲಿ ಇರುವ ಭೇದ ಒಂದೇ ಒಂದು ಅಕ್ಷರ. ಬೆಂಗಳೂರಿನಿಂದ ಬೇಲೂರಿಗೆ ಹೊರಟವರು ಹಾಸನದ ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸನ್ನು ಹೇಗೂ ಹಾದು ಹೋಗಬೇಕು. ಅಲ್ಲಿ ಎಡಕ್ಕೆ ತಿರುಗಿಸಿಕೊಂಡು, ಗುರಿ ತಲುಪಿದಿರೆಂದು ಪೆಟ್ಟಿಗೆ ಸಂಭ್ರಮದಿಂದ ಸಾರಿದರೆ, ಚೆನ್ನಕೇಶವನು ಇನ್ನೂ ನೂರು ಕಿಲೋಮೀಟರಿಗೂ ದೂರದಲ್ಲಿ ಇರುತ್ತಾನೆ. ಕನ್ನಡದಲ್ಲಿ ಬರೆದರೆ ಇವೆರಡನ್ನು ಮೂರನೆಯ ತರಗತಿಯ ಮಗು ಕೂಡ ಒಂದೆಂದು ಓದಲಾರದು. ಕೆರೆಯೂ ಕೇರಿಯೂ, ಕಾಡೂ ಕಡುವೂ ಬೇರೆಬೇರೆಯಾಗಿರುವ ಭಾಷೆ ನಮ್ಮದು. ಹಳ್ಳಿಯ ಹೆಸರೇ ಅರ್ಧ ದಾರಿ ಹೇಳುವ ನಾಡಿನಲ್ಲಿ, ಕಟ್ಟೆಯೋ ಕೊಪ್ಪವೋ ಗುಡ್ಡವೋ ಎಂಬುದನ್ನು ಹೆಸರಿನ ಬಾಲವೇ ತಿಳಿಸುವ ನಾಡಿನಲ್ಲಿ, ಆ ಹೆಸರನ್ನು ಕುಂಟಾಗಿಸಿ ಓದುವ ಯಂತ್ರಕ್ಕೆ ನಾವು ಹಣ ತೆತ್ತು ಕೊಳ್ಳುತ್ತಿದ್ದೇವೆ.

ಎರಡು ಶತಮಾನಗಳ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಗರೂಕರಾಗಿದ್ದರೇನೋ ಎನಿಸುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿಯು ಸರಪಳಿ, ಯಂತ್ರಗಳೊಡನೆ ದೇಶಭಾಷೆ ಬಲ್ಲ ಪಂಡಿತರನ್ನೂ ಕಟ್ಟಿಕೊಂಡಿದ್ದ. ಅವರು ಊರೂರಿನ ಕೈಫಿಯತ್ತುಗಳನ್ನು ಆಯಾ ಭಾಷೆಯಲ್ಲಿಯೇ ಬರೆಸಿ ತಂದರು. ಅವನು 1815ರಲ್ಲಿ ಇಡೀ ಭಾರತದ ಮೊದಲ ಸರ್ವೆಯರ್ ಜನರಲ್ ಆದ. ಅವನ ಉದ್ದೇಶ ರಾಜ್ಯಭಾರದ್ದೇ ಆಗಿತ್ತು, ನಮ್ಮ ಭಾಷೆಯ ಉದ್ಧಾರದ್ದಲ್ಲ; ಆದರೂ ಊರಿನ ಹೆಸರು ಊರಿನವರ ಬಾಯಲ್ಲಿ ಹೇಗಿದೆಯೆಂದು ಕೇಳಿಕೊಳ್ಳದೆ ನಕ್ಷೆ ಪೂರ್ತಿಯಾಗದೆಂಬುದು ಅವನಿಗೆ ತಿಳಿದಿತ್ತು.

ಈಗ ಕೊಳ್ಳುವ ಮಾತಿಗೆ ಬರೋಣ. ಪರದೆಯ ಅಗಲ, ಹಿಂಬದಿಯ ಕ್ಯಾಮೆರಾ, ಹಾಡು ನುಡಿಸುವ ಸೌಕರ್ಯ ಇವುಗಳ ಬಗೆಗೆ ಅಂಗಡಿಯವನು ತಾನಾಗಿಯೇ ಸಾಕಷ್ಟು ಹೇಳುತ್ತಾನೆ; ಅವನ್ನು ಕೇಳಿಸಿಕೊಂಡು ಮರೆತುಬಿಡಬಹುದು. ಐದಂಗುಲದ ಪರದೆ ಸಾಕು. ಬಿಸಿಲಿನಲ್ಲಿ ಹಿಡಿದು ನೋಡಬೇಕು, ಅಂಗಡಿಯ ದೀಪದ ಕೆಳಗಲ್ಲ. ನಕ್ಷೆ ಯಾವ ವರ್ಷದ್ದೆಂದು ಕೇಳಬೇಕು, ಹೊಸದಕ್ಕೆ ಮತ್ತೆ ಹಣ ಕೊಡಬೇಕೇ ಎಂಬುದನ್ನೂ ಕೇಳಬೇಕು. ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು 2014ರ ನವೆಂಬರ್ 1ರಿಂದ ಬದಲಾದುವು. ಅದಕ್ಕೆ ಮುಂಚಿನ ನಕ್ಷೆಯ ಪೆಟ್ಟಿಗೆಯಲ್ಲಿ ಕಲಬುರಗಿಯೆಂದು ಹುಡುಕಿದರೆ ಅಂಥ ಊರೇ ಇಲ್ಲವೆಂದು ಅದು ನಿಷ್ಠುರವಾಗಿ ಹೇಳಿಬಿಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬೇರೊಂದು ನಕ್ಷೆಯನ್ನೂ ಬೇರೊಂದು ಧ್ವನಿಯನ್ನೂ ಒಳಗೆ ಹಾಕಿಕೊಳ್ಳಲು ಅದು ಒಪ್ಪುತ್ತದೆಯೇ ಎಂಬುದನ್ನು ನೋಡಬೇಕು. ದೊಡ್ಡ ಹೆಸರಿನ ಎಷ್ಟೋ ಪೆಟ್ಟಿಗೆಗಳಿಗಿಂತ ಹೆಸರಿಲ್ಲದ ಬಡ ಪೆಟ್ಟಿಗೆಗಳೇ ಈ ವಿಷಯದಲ್ಲಿ ಉದಾರಿಗಳು. ಕನ್ನಡ ಬರುತ್ತದೆಂದು ಅಂಗಡಿಯವನು ಹೇಳಿದರೆ, “ಕೃಷ್ಣರಾಜಪೇಟೆ” ಎಂದೋ “ಚಿಕ್ಕಬಳ್ಳಾಪುರ” ಎಂದೋ ಪರದೆಯ ಮೇಲೆ ತೋರಿಸಲು ಹೇಳಿ. ಒತ್ತಕ್ಷರವು ತನ್ನ ಸ್ಥಾನದಲ್ಲಿ ಕೂರದೆ ಪಕ್ಕದಲ್ಲಿ ಬಂದು ನಿಂತುಕೊಳ್ಳುವ ಯಂತ್ರಗಳು ಬಹಳ ಇವೆ. ನನ್ನದೂ ಅಂಥದೇ. ಏಳು ಸಾವಿರ ರೂಪಾಯಿಯ ಒಳಗೆ ಬಂದ ವಸ್ತುವಿನಲ್ಲಿ ಅಷ್ಟನ್ನು ಸಹಿಸಿದ್ದೇನೆ. ಹಳವನ್ನು ಹಾಲವೆಂದು ಓದಿಸದಿದ್ದರೆ ನನಗೆ ಸಾಕು.

ತಂದ ಮೇಲೆ ಅದನ್ನು ನಮ್ಮ ಕೈಗೆ ಹೊಂದಿಸಿಕೊಳ್ಳಬೇಕು. ಅತ್ಯಂತ ಹತ್ತಿರದ ದಾರಿ ಎಂಬ ಆಯ್ಕೆಯನ್ನು ಮಲೆನಾಡಿನಲ್ಲಿ ಇಟ್ಟುಕೊಂಡವರು ಯಾರದೋ ಕಾಫಿ ತೋಟದ ಬೇಲಿಯ ಮುಂದೆ ಬೆಳಗು ಮಾಡಬೇಕಾದೀತು. ಬೇಗ ತಲುಪುವ ದಾರಿ ಎಂದು ಬದಲಾಯಿಸಿ, ಮಣ್ಣಿನ ರಸ್ತೆ ಬೇಡವೆಂದು ಹೇಳಿಡುವುದು ಕ್ಷೇಮ. ‘ಮನೆ’ ಎಂಬ ಗುರುತಿನಲ್ಲಿ ಸ್ವಂತ ಮನೆಯನ್ನೇ ಬರೆಯದೆ ಹತ್ತಿರದ ವೃತ್ತವನ್ನು ಬರೆದಿಡಿ. ಪೆಟ್ಟಿಗೆ ಕದ್ದವನಿಗೆ ಮನೆಯ ದಾರಿಯನ್ನೂ ದಾನ ಮಾಡಬೇಕಾಗಿಲ್ಲ.

ಆಮೇಲೆ ಧ್ವನಿ. ಪೆಟ್ಟಿಗೆಗಳಲ್ಲಿ ಎರಡು ಬಗೆಯ ಧ್ವನಿ ಉಂಟು. ಒಂದು, ಬರೆದಿರುವುದನ್ನು ತಾನೇ ಉಚ್ಚರಿಸುವ ಯಂತ್ರದ ಧ್ವನಿ. ಅದು ಊರ ಹೆಸರುಗಳನ್ನು ಹೇಳಲು ಹೋಗಿ ಕೊಲ್ಲುತ್ತದೆ. ಇನ್ನೊಂದು, ಮನುಷ್ಯರಿಂದ ಹೇಳಿಸಿ ಮುದ್ರಿಸಿಟ್ಟ ಕೆಲವು ಡಜನು ತುಣುಕುಗಳು. ಅದು ತಿರುವನ್ನು ಹೇಳುತ್ತದೆ, ಹೆಸರನ್ನು ಹೇಳುವುದಿಲ್ಲ. ಹೆಸರನ್ನು ಕೆಡಿಸಿ ಹೇಳುವುದಕ್ಕಿಂತ ಹೇಳದಿರುವುದೇ ಮೇಲೆಂದು ನಾನು ಎರಡನೆಯದನ್ನು ಆರಿಸಿದೆ. ಆ ತುಣುಕುಗಳ ಕಡತಗಳನ್ನು ತೆಗೆದು ನಮ್ಮವನ್ನು ಇಡಬಹುದಾಗಿತ್ತು. ಅಕ್ಕನಿಂದಲೇ ಹೇಳಿಸೋಣವೆಂದು ಹೊರಟಾಗ ವ್ಯಾಕರಣ ಅಡ್ಡ ಬಂತು. ಇಂಗ್ಲಿಷಿನ ಯಂತ್ರ ಮೂರು ತುಣುಕುಗಳನ್ನು ಒಂದೇ ಕ್ರಮದಲ್ಲಿ ಜೋಡಿಸುತ್ತದೆ: ಮೊದಲು ‘ಆದ ಮೇಲೆ’ ಎಂಬ ಅರ್ಥದ ಶಬ್ದ, ಬಳಿಕ ದೂರ, ಕೊನೆಗೆ ತಿರುವು. ಕನ್ನಡದಲ್ಲಿ ‘ಆದ ಮೇಲೆ’ ಎಂಬುದು ದೂರದ ಹಿಂದೆ ಬಂದೀತೇ ಹೊರತು ಮುಂದೆ ಬಾರದು. “ಆದ ಮೇಲೆ ಮುನ್ನೂರು ಮೀಟರು ಎಡಕ್ಕೆ ತಿರುಗು” ಎಂದು ಕೇಳಿದ ಅಕ್ಕನ ಮೊಮ್ಮಗಳು ಉರುಳಾಡಿ ನಕ್ಕಳು. ನಾಲ್ಕಾರು ದಿನ ತಲೆ ಕೆರೆದುಕೊಂಡು, ಮೊದಲ ತುಣುಕಿನ ಜಾಗದಲ್ಲಿ ‘ಮುಂದೆ’ ಎಂದಷ್ಟೇ ಹೇಳಿಸಿ, ದೂರದ ತುಣುಕುಗಳಿಗೆಲ್ಲ ‘ಮುನ್ನೂರು ಮೀಟರಿಗೆ’ ಎಂದು ಚತುರ್ಥಿಯನ್ನು ಹಚ್ಚಿದೆವು. “ಮುಂದೆ, ಮುನ್ನೂರು ಮೀಟರಿಗೆ, ಎಡಕ್ಕೆ ತಿರುಗು.” ಕೇಶಿರಾಜನು ಒಪ್ಪುತ್ತಿದ್ದನೋ ಇಲ್ಲವೋ, ಚಾಲಕನಿಗೆ ಅರ್ಥವಾಗುತ್ತದೆ. ‘ತಿರುಗಿ’ ಎಂದು ಬಹುವಚನದಲ್ಲಿ ಹೇಳಬೇಕೆಂದು ನಾನು ಬರೆದುಕೊಟ್ಟಿದ್ದೆ. “ಇದನ್ನು ಕೇಳುವವ ನೀನೇ ತಾನೆ?” ಎಂದಳು ಅಕ್ಕ. ಹೌದೆಂದೆ. “ಹಾಗಾದ್ರೆ ‘ತಿರುಗು’ ಅಂದ್ರೆ ಸಾಕು.” ಧಾರವಾಡದ ಗೆಳೆಯರೊಬ್ಬರು ಇದನ್ನು ಕೇಳಿ, ತಮ್ಮ ಪೆಟ್ಟಿಗೆಗೆ “ಎಡಕ್ಕ ಹೊಳ್ಳ್ರಿ” ಎಂದು ತಮ್ಮ ತಾಯಿಯಿಂದ ಹೇಳಿಸುತ್ತಿದ್ದಾರೆ.

ಕೊನೆಯದು ನಕ್ಷೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಪೆಟ್ಟಿಗೆಗೆ ಇಳಿಸಿಕೊಳ್ಳಬಹುದು. ಅದರಲ್ಲಿ ಪ್ರತಿಯೊಂದು ಸ್ಥಳಕ್ಕೂ ಒಂದೊಂದು ಭಾಷೆಯ ಹೆಸರಿಗೆ ಒಂದೊಂದು ಮನೆಯಿದೆ, ಕನ್ನಡಕ್ಕೂ ಇದೆ. ಎಷ್ಟೋ ಹಳ್ಳಿಗಳ ವಿಷಯದಲ್ಲಿ ಆ ಮನೆ ಬರಿದಾಗಿದೆ. ಈಗ ಫೋನಿನ ನಕ್ಷೆಗಳಲ್ಲಿಯೂ ಕನ್ನಡ ಬಂದಿದೆಯಲ್ಲ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಇಂಗ್ಲಿಷಿನಿಂದ ಯಂತ್ರವೇ ಕನ್ನಡಕ್ಕೆ ತಿರುಗಿಸಿದ ಹೆಸರು ನಾನು ಆ ರಾತ್ರಿ ಓದಿದ ಹೆಸರಿಗಿಂತ ಹೇಗೆ ಮೇಲಾದೀತು? ಹಾಲವೋ ಹಳವೋ ಎಂಬುದು ಅಕ್ಷರಗಳಲ್ಲಿ ಇಲ್ಲ, ಊರಿನವರ ನಾಲಗೆಯಲ್ಲಿ ಇದೆ. ಒಂದೊಂದು ಪ್ರೌಢಶಾಲೆಗೂ ಸುತ್ತಲಿನ ಹತ್ತು ಹದಿನೈದು ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಆ ಹೆಸರುಗಳನ್ನು ಸರಿಯಾಗಿ ಬರೆಯಿಸಲು ಕನ್ನಡದ ಉಪಾಧ್ಯಾಯರಿಗೆ ಒಂದು ಪಾಠದ ಅವಧಿ ಸಾಕು. ಸ್ಥಳನಾಮಗಳ ವ್ಯುತ್ಪತ್ತಿಯನ್ನು ಕುರಿತು ನಾವು ಬರೆದ ಪ್ರಬಂಧಗಳಿಗೆ ಕೊರತೆಯಿಲ್ಲ. ಸ್ಥಳನಾಮವನ್ನು ಅದರ ಸ್ಥಳದ ಮೇಲೆ ಬರೆಯುವ ಕೆಲಸ ಮಾತ್ರ ಉಳಿದುಹೋಗಿದೆ.

ನಾನು ಹಾಲಗದ್ದೆಯನ್ನೂ ಹಳಗದ್ದೆಯನ್ನೂ ಬರೆದೆ. ಹಳ್ಳದ ಮುಂದೆ ರಸ್ತೆ ಮುಗಿಯುತ್ತದೆಂಬುದನ್ನೂ ಗುರುತಿಸಿದೆ. ಅವುಗಳ ಆಚೆ, ನಾಲ್ಕೇ ಮನೆಗಳಿರುವ ಇನ್ನೊಂದು ಜಾಗವಿದೆ. ಅದರ ಹೆಸರು ಒಂದು ಬಗೆಯೆಂದು ಅಕ್ಕ, ಇನ್ನೊಂದು ಬಗೆಯೆಂದು ಭಾವ, ಇಬ್ಬರೂ ಬಿಟ್ಟುಕೊಡುವವರಲ್ಲ. ಆ ಮನೆಯನ್ನು ಸದ್ಯಕ್ಕೆ ಬರಿದಾಗಿಯೇ ಇಟ್ಟಿದ್ದೇನೆ. ಮಳೆ ನಿಂತ ಮೇಲೆ ಹೋಗಿ ಕವಲಿನ ಮನೆಯ ಆ ಮುದುಕರನ್ನು ಕೇಳಬೇಕು.